ಐವಿಎಫ್ ಕೇಂದ್ರದ ಲ್ಯಾಬ್‌ಗೆ ಕಾನೂನಿನ ಮಾನ್ಯತೆ ಇದೆಯೇ: ಚಿಕಿತ್ಸೆಗೆ ಮೊದಲು ಪರಿಶೀಲಿಸುವ ಕ್ರಮ

ಮಕ್ಕಳಾಗದ ದಂಪತಿ ಐವಿಎಫ್, ಎಂದರೆ ದೇಹದ ಹೊರಗೆ ಭ್ರೂಣವನ್ನು ರೂಪಿಸುವ ಚಿಕಿತ್ಸೆಯ, ಕೇಂದ್ರವೊಂದನ್ನು ಆರಿಸಿಕೊಳ್ಳುವಾಗ ಸಾಮಾನ್ಯವಾಗಿ ವೈದ್ಯರ ಹೆಸರು, ಪರಿಚಿತರ ಶಿಫಾರಸು ಮತ್ತು ಪ್ಯಾಕೇಜಿನ ದರ, ಈ ಮೂರನ್ನೇ ನೋಡುತ್ತಾರೆ. ಆದರೆ ಈ ಚಿಕಿತ್ಸೆಯ ಅತಿ ಸೂಕ್ಷ್ಮವಾದ ಭಾಗ ನಡೆಯುವುದು ವೈದ್ಯರ ಕೊಠಡಿಯಲ್ಲಲ್ಲ. ಅಂಡಾಣುಗಳನ್ನು ಹೊರತೆಗೆದ ಗಳಿಗೆಯಿಂದ ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸುವವರೆಗೆ, ಮೂರರಿಂದ ಐದಾರು ದಿನಗಳ ಕಾಲ, ಎಲ್ಲವೂ ದಂಪತಿ ಕಾಲಿಡಲಾಗದ ಮುಚ್ಚಿದ ಕೋಣೆಯೊಂದರಲ್ಲಿ, ಅವರು ಬಹುಶಃ ಮುಖವನ್ನೂ ನೋಡದ ಎಂಬ್ರಿಯಾಲಜಿಸ್ಟ್, ಎಂದರೆ ಭ್ರೂಣತಜ್ಞ, ಒಬ್ಬರ ಕೈಯಲ್ಲಿರುತ್ತದೆ. ಆ ಕೋಣೆಯ ಮೇಲೆ ಕಾನೂನಿನ ನಿಗಾ ಎಷ್ಟಿದೆ, ಎಲ್ಲಿಗೆ ನಿಲ್ಲುತ್ತದೆ, ಅಲ್ಲಿಂದಾಚೆಗೆ ನಾವೇ ಏನನ್ನು ಕೇಳಿ ತಿಳಿಯಬೇಕು ಎಂಬುದನ್ನು ಹಂತಹಂತವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲಿಗೇ ಒಂದು ಮಾತು ಸ್ಪಷ್ಟವಾಗಿರಲಿ. ನಮ್ಮ ದೇಶದಲ್ಲಿ ಫರ್ಟಿಲಿಟಿ ಕೇಂದ್ರಕ್ಕೆ ನೋಂದಣಿ ಕಡ್ಡಾಯ. ಆದರೆ ಅದರೊಳಗಿನ ಭ್ರೂಣ ಪ್ರಯೋಗಾಲಯದ ಗುಣಮಟ್ಟಕ್ಕೆಂದೇ ಪ್ರತ್ಯೇಕವಾದ ಕಡ್ಡಾಯ ಪ್ರಮಾಣೀಕರಣ ಎಂಬುದಿಲ್ಲ. ಗೋಡೆಯ ಮೇಲಿನ ಸರ್ಕಾರಿ ಪ್ರಮಾಣಪತ್ರವು ಆ ಸಂಸ್ಥೆಗೆ ಈ ಕೆಲಸ ಮಾಡಲು ಅನುಮತಿಯಿದೆ ಎಂದಷ್ಟೇ ಹೇಳುತ್ತದೆ. ಕೆಲಸ ಎಷ್ಟು ಚೆನ್ನಾಗಿ ನಡೆಯುತ್ತಿದೆ ಎಂಬುದನ್ನು ಅದು ಹೇಳುವುದಿಲ್ಲ. ಬಸ್ಸಿಗೆ ಪರ್ಮಿಟ್ ಇದೆಯೆಂದ ಮಾತ್ರಕ್ಕೆ ಅದರ ಬ್ರೇಕು ಸರಿಯಿದೆ ಎಂದಾಗುವುದಿಲ್ಲವಲ್ಲ, ಹಾಗೆ. ಆದ್ದರಿಂದ ಪರಿಶೀಲನೆಯೂ ಎರಡು ಪಾಲು: ಮೊದಲು ಕಾಗದಪತ್ರ, ಆಮೇಲೆ ಲ್ಯಾಬ್.

ಕಾಯ್ದೆ ಬಂದ ಬಗೆ

ಐವಿಎಫ್ ನಮ್ಮಲ್ಲಿ ಹೊಸದಲ್ಲ, ಅದರ ಕಾಯ್ದೆ ಮಾತ್ರ ಹೊಸದು. 1978ರ ಅಕ್ಟೋಬರ್‌ನಲ್ಲಿ ಕೋಲ್ಕತ್ತದ ಡಾ. ಸುಭಾಷ್ ಮುಖ್ಯೋಪಾಧ್ಯಾಯ ಅವರ ಪ್ರಯತ್ನದಿಂದ ದೇಶದ ಮೊದಲ ಪ್ರನಾಳ ಶಿಶು ಜನಿಸಿದಾಗ ಸರ್ಕಾರ ನೇಮಿಸಿದ ಸಮಿತಿ ಅವರನ್ನು ನಂಬಲಿಲ್ಲ. 1986ರಲ್ಲಿ ಮುಂಬೈಯಲ್ಲಿ ಡಾ. ಇಂದಿರಾ ಹಿಂದುಜಾ ಅವರೊಂದಿಗೆ ಅಧಿಕೃತವಾಗಿ ಮೊದಲಿಗರೆನಿಸಿಕೊಂಡ ವಿಜ್ಞಾನಿ ಟಿ.ಸಿ. ಆನಂದಕುಮಾರ್ ಮುಂದೆ ಬೆಂಗಳೂರಿನಲ್ಲಿ ನೆಲೆಸಿದರು. ಮುಖ್ಯೋಪಾಧ್ಯಾಯರು ಬಿಟ್ಟುಹೋದ ಟಿಪ್ಪಣಿಗಳನ್ನು ಓದಿ, ಮೊದಲ ಸ್ಥಾನ ತಮ್ಮದಲ್ಲ, ಅವರದು ಎಂದು 1997ರಲ್ಲಿ ಬರೆದವರೂ ಅವರೇ. ವೈದ್ಯರ ಮಾತಿಗಿಂತ ಲ್ಯಾಬಿನ ದಾಖಲೆಗೆ ಬಾಳಿಕೆ ಹೆಚ್ಚು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

2005ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನದ, ಎಂದರೆ ಎಆರ್‌ಟಿ, ಕೇಂದ್ರಗಳ ಮಾನ್ಯತೆ, ಮೇಲ್ವಿಚಾರಣೆ ಮತ್ತು ನಿಯಂತ್ರಣಕ್ಕೆ ಮಾರ್ಗಸೂಚಿ ಪ್ರಕಟಿಸಿತು. ಅದಕ್ಕೆ ಕಾನೂನಿನ ಬಲವಿರಲಿಲ್ಲ, ಪಾಲಿಸದವರನ್ನು ಕೇಳುವವರೂ ಇರಲಿಲ್ಲ. ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯ್ದೆ 2021ರ ಡಿಸೆಂಬರ್‌ನಲ್ಲಿ ಸಂಸತ್ತಿನಲ್ಲಿ ಅಂಗೀಕಾರವಾಗಿ, 2022ರ ಜನವರಿ 25ರಿಂದ ಜಾರಿಗೆ ಬಂತು. ಅದರ ನಿಯಮಗಳು 2022ರ ಜೂನ್‌ನಲ್ಲಿ ಹೊರಬಿದ್ದವು. ಬಾಡಿಗೆ ತಾಯ್ತನಕ್ಕೆ ಸಂಬಂಧಿಸಿದ ಕಾಯ್ದೆಯೂ ಅದೇ ದಿನ ಜಾರಿಯಾಯಿತು. ಎರಡಕ್ಕೂ ರಾಷ್ಟ್ರೀಯ ಮಂಡಳಿ ಒಂದೇ, ರಾಜ್ಯ ಮಂಡಳಿಯೂ ಒಂದೇ. ನೋಂದಣಿ ಕೊಡುವ, ಅಮಾನತುಗೊಳಿಸುವ, ರದ್ದುಪಡಿಸುವ ಮತ್ತು ದೂರುಗಳನ್ನು ವಿಚಾರಿಸುವ ಅಧಿಕಾರ ರಾಜ್ಯದ ಸಕ್ಷಮ ಪ್ರಾಧಿಕಾರಕ್ಕಿದೆ. ಆರೋಗ್ಯ ಇಲಾಖೆಯ ಹಿರಿಯ ಅಧಿಕಾರಿಯೊಬ್ಬರು ಅದರ ಅಧ್ಯಕ್ಷರಾಗಿರುತ್ತಾರೆ.

ಹಂತ 1: ಬೇಕಾದ ಚಿಕಿತ್ಸೆಗೆ ಯಾವ ದರ್ಜೆಯ ನೋಂದಣಿ ಅಗತ್ಯವೆಂದು ಅರಿಯುವುದು

ಈ ಎರಡು ಕಾಯ್ದೆಗಳಡಿ ಸಂಸ್ಥೆಗಳನ್ನು ನಾಲ್ಕು ಬಗೆಯಾಗಿ ನೋಂದಾಯಿಸಲಾಗುತ್ತದೆ: ಒಂದನೇ ಹಂತದ ಎಆರ್‌ಟಿ ಕ್ಲಿನಿಕ್, ಎರಡನೇ ಹಂತದ ಎಆರ್‌ಟಿ ಕ್ಲಿನಿಕ್, ದಾನಿಗಳ ಅಂಡಾಣು ಮತ್ತು ವೀರ್ಯ ಒದಗಿಸುವ ಎಆರ್‌ಟಿ ಬ್ಯಾಂಕ್ ಮತ್ತು ಬಾಡಿಗೆ ತಾಯ್ತನದ ಸರೊಗಸಿ ಕ್ಲಿನಿಕ್. ಒಂದನೇ ಹಂತದವರು ಐಯುಐ, ಎಂದರೆ ಸಂಸ್ಕರಿಸಿದ ವೀರ್ಯವನ್ನು ಗರ್ಭಕೋಶಕ್ಕೆ ಸೇರಿಸುವ ಚಿಕಿತ್ಸೆಯನ್ನು ಮಾತ್ರ ನೀಡಬಹುದು. ಅಂಡಾಣು ಹೊರತೆಗೆಯುವುದು, ಐವಿಎಫ್, ಇಕ್ಸಿ ಎಂದರೆ ಒಂದೇ ವೀರ್ಯಾಣುವನ್ನು ಅಂಡಾಣುವಿನೊಳಕ್ಕೆ ಸೇರಿಸುವುದು, ಭ್ರೂಣ ಬೆಳೆಸುವುದು, ಶೈತ್ಯೀಕರಿಸುವುದು ಇವೆಲ್ಲಕ್ಕೂ ಎರಡನೇ ಹಂತದ ನೋಂದಣಿ ಬೇಕು. ನೋಂದಣಿಯ ಶುಲ್ಕವೂ ಬೇರೆ ಬೇರೆ. ಒಂದನೇ ಹಂತಕ್ಕೆ ಮತ್ತು ಬ್ಯಾಂಕಿಗೆ ತಲಾ 50,000 ರೂಪಾಯಿ, ಎರಡನೇ ಹಂತಕ್ಕೆ 2 ಲಕ್ಷ ರೂಪಾಯಿ.

ಊರಿನ ನರ್ಸಿಂಗ್ ಹೋಮ್ ಒಂದು ಒಂದನೇ ಹಂತದ ನೋಂದಣಿ ಇಟ್ಟುಕೊಂಡು 'ಎಲ್ಲ ಬಗೆಯ ಬಂಜೆತನ ಚಿಕಿತ್ಸೆ' ಎಂಬ ಫಲಕ ಹಾಕಿಕೊಂಡಿದ್ದರೆ ಅಲ್ಲಿ ಐಯುಐ ಮಾಡಿಸಿಕೊಳ್ಳಲು ಅಡ್ಡಿಯಿಲ್ಲ. ಐವಿಎಫ್ ಅನ್ನೂ ತಾವೇ ಮಾಡುತ್ತೇವೆ ಎಂದರೆ ಮಾತ್ರ ಅನುಮಾನಿಸಬೇಕು. ಹಲವು ಕಡೆ ಸಮಾಲೋಚನೆ ಮತ್ತು ಸ್ಕ್ಯಾನಿಂಗ್ ಊರಿನಲ್ಲಿ, ಲ್ಯಾಬ್ ಕೆಲಸ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ನಡೆಯುವ ವ್ಯವಸ್ಥೆಯಿರುತ್ತದೆ. ಇದು ತಪ್ಪಲ್ಲ. ಆದರೆ ಅಂಥಲ್ಲಿ ನೀವು ಪರಿಶೀಲಿಸಬೇಕಾದದ್ದು ಅಂಡಾಣು ಹೊರತೆಗೆಯುವ ಮತ್ತು ಭ್ರೂಣ ಬೆಳೆಸುವ ಜಾಗದ ನೋಂದಣಿಯನ್ನು, ನೀವು ಪ್ರತಿ ವಾರ ಹೋಗಿಬರುವ ಶಾಖೆಯದನ್ನಲ್ಲ.

ಹಂತ 2: ಪ್ರಮಾಣಪತ್ರವನ್ನು ರಿಜಿಸ್ಟ್ರಿಯೊಂದಿಗೆ ತಾಳೆ ನೋಡುವುದು

ನೋಂದಣಿ ಪ್ರಮಾಣಪತ್ರವನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕೆಂದು ಕಾಯ್ದೆಯೇ ಹೇಳುತ್ತದೆ. ಅದರ ಅವಧಿ 5 ವರ್ಷ. ಅದರಲ್ಲಿ ಸಂಸ್ಥೆಯ ಹೆಸರು, ವಿಳಾಸ, ದರ್ಜೆ, ನೋಂದಣಿ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕವನ್ನು ಬರೆದುಕೊಳ್ಳಿ. ಬಳಿಕ ಕೇಂದ್ರ ಆರೋಗ್ಯ ಸಂಶೋಧನಾ ಇಲಾಖೆಯಡಿಯಲ್ಲಿರುವ ರಾಷ್ಟ್ರೀಯ ಎಆರ್‌ಟಿ ಮತ್ತು ಸರೊಗಸಿ ರಿಜಿಸ್ಟ್ರಿಯ ಜಾಲತಾಣದಲ್ಲಿ ನೋಂದಾಯಿತ ಸಂಸ್ಥೆಗಳ ಪಟ್ಟಿಯನ್ನು ತೆರೆದು, ಆ ಹೆಸರು ಅದೇ ವಿಳಾಸದೊಂದಿಗೆ ಅದೇ ದರ್ಜೆಯಲ್ಲಿ ಇದೆಯೇ ಎಂದು ನೋಡಿ.

ಈ ಕೆಲಸಕ್ಕೆ ಕಾಲು ಗಂಟೆ ಸಾಕು. ಆದರೂ ಇದನ್ನು ಮಾಡುವವರು ವಿರಳ. ಸಾಮಾನ್ಯವಾಗಿ ಸಿಗುವ ವ್ಯತ್ಯಾಸಗಳು ಮೂರು ಬಗೆಯವು. ಸಂಸ್ಥೆ ಕಟ್ಟಡ ಬದಲಿಸಿದ್ದು ನೋಂದಣಿ ಹಳೆಯ ವಿಳಾಸದಲ್ಲೇ ಉಳಿದಿರಬಹುದು. ಮಾಲೀಕತ್ವ ಬದಲಾಗಿ ಫಲಕದ ಮೇಲಿನ ಹೆಸರೇ ಬೇರೆಯಾಗಿರಬಹುದು. ಅರ್ಜಿ ಮಾತ್ರ ಸಲ್ಲಿಸಿ 'ನೋಂದಣಿ ಪ್ರಕ್ರಿಯೆಯಲ್ಲಿದೆ' ಎಂದು ಹೇಳುತ್ತಿರಬಹುದು. ಮೊದಲ ಎರಡಕ್ಕೆ ಸಮಾಧಾನಕರವಾದ ಲಿಖಿತ ವಿವರಣೆ ಸಿಗುವ ಸಾಧ್ಯತೆಯಿದೆ. ಮೂರನೆಯದಕ್ಕೆ ನನ್ನ ಮಟ್ಟಿಗೆ ಒಂದೇ ಉತ್ತರ: ಪ್ರಮಾಣಪತ್ರ ಕೈಗೆ ಬರುವವರೆಗೆ ಅಲ್ಲಿ ಮುಂಗಡ ಕಟ್ಟಬಾರದು. ಕಾಯ್ದೆ ಜಾರಿಯಾದ ಹೊಸತರಲ್ಲಿ ನೋಂದಣಿ ಪಡೆದವರ ಐದು ವರ್ಷದ ಅವಧಿ 2027 ಮತ್ತು 2028ರಲ್ಲಿ ಮುಗಿಯುತ್ತದೆ. ಆ ಹೊತ್ತಿಗೆ ಚಿಕಿತ್ಸೆಯಲ್ಲಿರುವವರು, ವಿಶೇಷವಾಗಿ ಭ್ರೂಣಗಳನ್ನು ಅಲ್ಲಿ ಶೈತ್ಯೀಕರಿಸಿಟ್ಟವರು, ನವೀಕರಣವಾಗಿದೆಯೇ ಎಂದು ಇನ್ನೊಮ್ಮೆ ವಿಚಾರಿಸಿಕೊಳ್ಳಬೇಕು.

ಹಂತ 3: ಉಳಿದ ಅನುಮತಿಗಳು

ಇವುಗಳ ಮೇಲೆ ಹೆಚ್ಚು ಹೊತ್ತು ಕಳೆಯಬೇಕಿಲ್ಲ, ಆದರೆ ಬಿಡುವಂತೆಯೂ ಇಲ್ಲ. ಕರ್ನಾಟಕದ ಯಾವುದೇ ಖಾಸಗಿ ಆಸ್ಪತ್ರೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ಎಂದರೆ ಕೆಪಿಎಂಇ ನೋಂದಣಿ ಪಡೆದು, ತನ್ನ ದರಪಟ್ಟಿಯನ್ನು ಪ್ರದರ್ಶಿಸಬೇಕು. ಸ್ಕ್ಯಾನಿಂಗ್ ಮತ್ತು ಭ್ರೂಣದ ತಳಿಪರೀಕ್ಷೆ ನಡೆಸುವ ಜಾಗಕ್ಕೆ ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ ನೋಂದಣಿ ಬೇಕು. 2003ರ ತಿದ್ದುಪಡಿಯ ನಂತರ ಗರ್ಭಧಾರಣೆಗೆ ಮೊದಲೇ ಲಿಂಗ ಆರಿಸುವುದನ್ನೂ ಈ ಕಾಯ್ದೆ ನಿಷೇಧಿಸಿದೆ. ಭ್ರೂಣದ ಲಿಂಗ ತಿಳಿಸಲಾಗುವುದಿಲ್ಲ ಎಂಬ ಫಲಕ ಇಂಗ್ಲಿಷಿನ ಜೊತೆಗೆ ಸ್ಥಳೀಯ ಭಾಷೆಯಲ್ಲೂ ಇರಬೇಕು. ಜೈವಿಕ ವೈದ್ಯಕೀಯ ತ್ಯಾಜ್ಯಕ್ಕೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಮತ್ತೊಂದು.

ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸುವ ಮೊದಲು ಮಾಡುವ ತಳಿಪರೀಕ್ಷೆಯನ್ನು ಎಆರ್‌ಟಿ ಕಾಯ್ದೆ ತಿಳಿದಿರುವ ಆನುವಂಶಿಕ ಕಾಯಿಲೆಗಳ ತಪಾಸಣೆಗಷ್ಟೇ ಸೀಮಿತಗೊಳಿಸಿದೆ. 'ಗಂಡೋ ಹೆಣ್ಣೋ ನೋಡಿ ಹಾಕುತ್ತೇವೆ' ಎಂಬ ಸೂಚನೆ ಎಷ್ಟೇ ಮೆಲುದನಿಯಲ್ಲಿ ಬಂದರೂ ಅದು 5ರಿಂದ 10 ವರ್ಷ ಜೈಲು ಅಥವಾ 10ರಿಂದ 25 ಲಕ್ಷ ರೂಪಾಯಿ ದಂಡ ಅಥವಾ ಎರಡಕ್ಕೂ ಗುರಿಯಾಗುವ ಅಪರಾಧ. ಈ ಒಂದು ಕಾನೂನನ್ನು ಮುರಿಯಲು ಸಿದ್ಧವಿರುವ ಕೇಂದ್ರ ಉಳಿದವನ್ನು ಶ್ರದ್ಧೆಯಿಂದ ಪಾಲಿಸುತ್ತಿದೆ ಎಂದು ನಂಬಲು ಕಾರಣವಿಲ್ಲ.

ಹಂತ 4: ಗುಣಮಟ್ಟದ ಪ್ರಮಾಣಪತ್ರಗಳನ್ನು ಓದುವುದು

ಜಾಹೀರಾತುಗಳಲ್ಲಿ ಕಾಣುವ ಎನ್‌ಎಬಿಎಲ್, ಎನ್‌ಎಬಿಎಚ್, ಐಎಸ್‌ಒ ಎಂಬ ಮುದ್ರೆಗಳು ಸ್ವಯಂಪ್ರೇರಿತವಾಗಿ ಪಡೆಯುವ ಮಾನ್ಯತೆಗಳು. ಒಂದೊಂದೂ ಬೇರೆ ಬೇರೆ ವಿಷಯವನ್ನು ಹೇಳುತ್ತದೆ. ಎನ್‌ಎಬಿಎಚ್ ಆಸ್ಪತ್ರೆಯ ಒಟ್ಟು ವ್ಯವಸ್ಥೆಗೆ ಕೊಡುವ ಮಾನ್ಯತೆ. ಐಎಸ್‌ಒ 9001 ಎಂಬುದು ಆಡಳಿತ ಕ್ರಮದ ಪ್ರಮಾಣಪತ್ರ. ಅದನ್ನು ಬಿಸ್ಕತ್ತಿನ ಕಾರ್ಖಾನೆಯೂ ಪಡೆಯಬಹುದು, ಅದರಿಂದ ಭ್ರೂಣಶಾಸ್ತ್ರದ ಬಗ್ಗೆ ಏನೂ ತಿಳಿಯುವುದಿಲ್ಲ. ಎನ್‌ಎಬಿಎಲ್ ಮಾತ್ರ ಪ್ರಯೋಗಾಲಯಕ್ಕೆ ನೇರವಾಗಿ ಸಂಬಂಧಿಸಿದ್ದು. ವೈದ್ಯಕೀಯ ಲ್ಯಾಬ್‌ಗಳಿಗೆ ಅದು ಐಎಸ್‌ಒ 15189 ಮಾನದಂಡದ ಪ್ರಕಾರ ಮಾನ್ಯತೆ ನೀಡುತ್ತದೆ.

ಆದರೆ ಇಲ್ಲೊಂದು ಕಂದಕವಿದೆ. ಐಎಸ್‌ಒ 15189 ಇರುವುದು ಪರೀಕ್ಷೆ ಮಾಡಿ ವರದಿ ಕೊಡುವ ಲ್ಯಾಬ್‌ಗಳಿಗಾಗಿ. ವೀರ್ಯದ ಪರೀಕ್ಷೆ, ಹಾರ್ಮೋನುಗಳ ಪರೀಕ್ಷೆ, ಸೋಂಕುಗಳ ಪರೀಕ್ಷೆ ಇವೆಲ್ಲ ಅದರ ಹರವಿನಲ್ಲಿ ಬರುತ್ತವೆ. ಅಂಡಾಣುವಿನೊಳಕ್ಕೆ ವೀರ್ಯಾಣುವನ್ನು ಸೇರಿಸುವುದು, ಭ್ರೂಣವನ್ನು ಐದು ದಿನ ಬೆಳೆಸುವುದು, ಶೈತ್ಯೀಕರಿಸಿ ಮತ್ತೆ ಕರಗಿಸುವುದು ಪರೀಕ್ಷೆಯಲ್ಲ, ಚಿಕಿತ್ಸೆಯ ಭಾಗ. ಹೀಗಾಗಿ 'ನಮ್ಮದು ಎನ್‌ಎಬಿಎಲ್ ಲ್ಯಾಬ್' ಎಂದು ಹೇಳುವ ಕೇಂದ್ರದ ಮಾನ್ಯತೆ ಕೇವಲ ರಕ್ತಪರೀಕ್ಷೆಯ ವಿಭಾಗಕ್ಕೆ ಸೇರಿದ್ದಾಗಿರಬಹುದು. ಮಾನ್ಯತೆಯ ಜೊತೆಗೆ ಅದರ ವ್ಯಾಪ್ತಿಯನ್ನು ತಿಳಿಸುವ ಅನುಬಂಧವೊಂದು ಇರುತ್ತದೆ. ಅದನ್ನು ಎನ್‌ಎಬಿಎಲ್ ಜಾಲತಾಣದಲ್ಲೂ ನೋಡಬಹುದು. ಅದರಲ್ಲಿ ಯಾವ ಯಾವ ಪರೀಕ್ಷೆಗಳಿವೆ, ವೀರ್ಯ ವಿಶ್ಲೇಷಣೆ ಇದೆಯೇ ಎಂಬುದನ್ನು ಗಮನಿಸಿ. ವೀರ್ಯ ವಿಶ್ಲೇಷಣೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯ 2021ರ ಆರನೆಯ ಆವೃತ್ತಿಯಂತೆ ಮಾಡುತ್ತಾರೆಯೇ ಎಂದು ಕೇಳಿದರೆ ಉತ್ತರದ ಧಾಟಿಯಿಂದಲೇ ಬಹಳಷ್ಟು ತಿಳಿಯುತ್ತದೆ.

ಈ ಕಂದಕ ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದಲ್ಲಿ ರೋಗಪರೀಕ್ಷಾ ಲ್ಯಾಬ್‌ಗಳನ್ನು ನಿಯಂತ್ರಿಸುವ 1988ರ ಕಾನೂನು ವೀರ್ಯದ ಪರೀಕ್ಷೆಗೆ ಅನ್ವಯಿಸುತ್ತದೆ, ಭ್ರೂಣ ಬೆಳೆಸುವ ಕೆಲಸಕ್ಕೆ ಅನ್ವಯಿಸುವುದಿಲ್ಲ. ಅದನ್ನು ತುಂಬಲೆಂದು 1992ರಲ್ಲಿ ಬಂದ ಕಾನೂನಿನಂತೆ ಭ್ರೂಣ ಪ್ರಯೋಗಾಲಯಗಳ ಪ್ರಮಾಣೀಕರಣಕ್ಕೆ ಮಾದರಿಯೊಂದನ್ನು 1999ರಲ್ಲಿ ಪ್ರಕಟಿಸಿದರು. ಅದನ್ನು ಒಪ್ಪುವುದು ಬಿಡುವುದು ರಾಜ್ಯಗಳ ಇಚ್ಛೆಗೆ ಬಿಟ್ಟದ್ದರಿಂದ ಯಾವ ರಾಜ್ಯವೂ ಅದನ್ನು ಕೈಗೆತ್ತಿಕೊಳ್ಳಲಿಲ್ಲ.

ಹಂತ 5: ಲ್ಯಾಬಿನ ಬಗ್ಗೆ ನೇರವಾಗಿ ಕೇಳುವುದು

ಇಲ್ಲಿಂದ ಮುಂದಿನದು ನಿಮ್ಮ ಪ್ರಶ್ನೆಗಳ ಬಲದ ಮೇಲೆ ನಿಂತಿದೆ. ಮೊದಲ ಭೇಟಿಯಲ್ಲೇ ಎಲ್ಲವನ್ನೂ ಕೇಳಲು ಸಂಕೋಚವಾದರೆ ಮುಂಗಡ ಕಟ್ಟುವ ಮುನ್ನ ಎಂಬ್ರಿಯಾಲಜಿಸ್ಟ್ ಜೊತೆ ಹತ್ತು ನಿಮಿಷ ಮಾತನಾಡಲು ಅವಕಾಶ ಕೇಳಿ. ಒಳ್ಳೆಯ ಕೇಂದ್ರಗಳು ಇದನ್ನು ಅಪಮಾನವೆಂದು ಭಾವಿಸುವುದಿಲ್ಲ.

ಜನರ ವಿಷಯ ಮೊದಲು. ಎರಡನೇ ಹಂತದ ಕ್ಲಿನಿಕ್‌ನಲ್ಲಿ ಸ್ತ್ರೀರೋಗ ತಜ್ಞರು, ಅರಿವಳಿಕೆ ತಜ್ಞರು ಮತ್ತು ಆಪ್ತಸಮಾಲೋಚಕರ ಜೊತೆಗೆ ನಿಗದಿತ ವಿದ್ಯಾರ್ಹತೆಯ ಎಂಬ್ರಿಯಾಲಜಿಸ್ಟ್ ಇರಬೇಕೆಂದು ನಿಯಮಗಳು ಹೇಳುತ್ತವೆ. ಅವರು ಅಲ್ಲೇ ಪೂರ್ಣಾವಧಿ ಕೆಲಸ ಮಾಡುತ್ತಾರೆಯೇ, ಅಥವಾ ಹಲವು ಕೇಂದ್ರಗಳಿಗೆ ಸರದಿಯಲ್ಲಿ ಬಂದುಹೋಗುತ್ತಾರೆಯೇ ಎಂದು ವಿಚಾರಿಸಿ. ಸಣ್ಣ ಊರುಗಳಲ್ಲಿ ಒಂದಷ್ಟು ದಂಪತಿಗಳನ್ನು ಒಟ್ಟುಗೂಡಿಸಿ, ಎಲ್ಲರ ಚಿಕಿತ್ಸೆಯನ್ನೂ ಎಂಬ್ರಿಯಾಲಜಿಸ್ಟ್ ಬರುವ ವಾರಕ್ಕೆ ಹೊಂದಿಸುವ ಪದ್ಧತಿಯಿದೆ. ಹಾಗಿದ್ದರೆ ಅವರು ಹೋದ ಮೇಲೆ ಶೈತ್ಯೀಕರಿಸಿದ ಭ್ರೂಣಗಳಿಗೂ ಇನ್‌ಕ್ಯುಬೇಟರ್‌ಗೂ ಯಾರು ಹೊಣೆ ಎಂಬುದಕ್ಕೆ ಹೆಸರು ಹಿಡಿದು ಉತ್ತರ ಬರಬೇಕು.

ಎರಡನೆಯದು ಗುರುತಿನ ವಿಷಯ. ಅಂಡಾಣು, ವೀರ್ಯ ಅಥವಾ ಭ್ರೂಣವನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ವರ್ಗಾಯಿಸುವ ಪ್ರತಿ ಹಂತದಲ್ಲೂ ಇಬ್ಬರು ಸಿಬ್ಬಂದಿ ಹೆಸರು ಮತ್ತು ಗುರುತಿನ ಸಂಖ್ಯೆ ಎರಡನ್ನೂ ಓದಿ, ಹೊತ್ತು ಬರೆದು, ಸಹಿ ಹಾಕುವುದನ್ನು ಜೋಡಿ ಸಾಕ್ಷ್ಯ ಎನ್ನಬಹುದು. ಅನೇಕ ಲ್ಯಾಬ್‌ಗಳು ಬಾರ್‌ಕೋಡ್ ಅಥವಾ ಆರ್‌ಎಫ್‌ಐಡಿ ಚಿಪ್‌ಗಳನ್ನೂ ಬಳಸುತ್ತವೆ. ನಿಮ್ಮ ಪ್ರಕರಣದ ಸಾಕ್ಷ್ಯ ಹಾಳೆಯನ್ನು ಚಿಕಿತ್ಸೆಯ ನಂತರ ತೋರಿಸುವಿರಾ ಎಂದು ಮೊದಲೇ ಕೇಳಿಡಿ. 2025ರಲ್ಲಿ ಸಿಕಂದರಾಬಾದಿನ ಕೇಂದ್ರವೊಂದರ ಮೇಲೆ ಪೊಲೀಸ್ ಪ್ರಕರಣ ದಾಖಲಾದದ್ದು, ಬಾಡಿಗೆ ತಾಯಿಯಿಂದ ಜನಿಸಿತೆಂದು ಒಪ್ಪಿಸಲಾದ ಮಗುವಿನ ಡಿಎನ್‌ಎ ದಂಪತಿಯೊಂದಿಗೆ ಹೊಂದದೆ ಹೋದಾಗ. ಅಲ್ಲಿ ಹೊರಿಸಿರುವುದು ಉದ್ದೇಶಪೂರ್ವಕ ವಂಚನೆಯ ಆರೋಪ. ಸಾಕ್ಷ್ಯ ಹಾಳೆ ಅಂಥದ್ದನ್ನು ತಡೆಯಲಾರದು. ಕೈತಪ್ಪಿನಿಂದಾಗುವ ಅದಲುಬದಲನ್ನು ತಡೆಯುವ ಉಪಾಯ ಮಾತ್ರ ಸದ್ಯಕ್ಕೆ ಇದೇ.

ಮೂರನೆಯದು ವಾತಾವರಣ. ಭ್ರೂಣಗಳು 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಶೇ 5ರಿಂದ 6ರಷ್ಟು ಇಂಗಾಲದ ಡೈಆಕ್ಸೈಡ್ ಇರುವ ಇನ್‌ಕ್ಯುಬೇಟರ್‌ಗಳಲ್ಲಿ ಬೆಳೆಯುತ್ತವೆ. ಈಚಿನ ಲ್ಯಾಬ್‌ಗಳಲ್ಲಿ ಆಮ್ಲಜನಕವನ್ನೂ ಶೇ 5ರ ಆಸುಪಾಸಿಗೆ ಇಳಿಸಿರುತ್ತಾರೆ. ಇನ್‌ಕ್ಯುಬೇಟರ್‌ನ ಪರದೆ ತೋರಿಸುವ ಅಂಕಿಯನ್ನೇ ನಂಬದೆ, ಬೇರೆ ಮಾಪಕದಿಂದ ದಿನವೂ ಅಳೆದು ಬರೆದಿಡುವುದು ಶಿಸ್ತಿನ ಲಕ್ಷಣ. ಗಾಳಿಯನ್ನು ಹೆಪಾ ಫಿಲ್ಟರ್‌ಗಳಿಂದ ಸೋಸಬೇಕು. ಬಣ್ಣ, ಫಿನಾಯಿಲ್, ಸುಗಂಧದ್ರವ್ಯಗಳ ಆವಿ ಭ್ರೂಣಕ್ಕೆ ಹಾನಿಕರ. ಹಾಗಾಗಿ ಕಟ್ಟಡದಲ್ಲಿ ಬಣ್ಣ ಬಳಿಯುವ ಅಥವಾ ದುರಸ್ತಿಯ ಕೆಲಸ ನಡೆದಿದ್ದರೆ ಆ ತಿಂಗಳು ಲ್ಯಾಬ್ ನಡೆಯುತ್ತಿದೆಯೇ ಎಂದು ಕೇಳುವುದು ಅತಿಯಲ್ಲ. ಕರೆಂಟು ಹೋದರೆ ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆ, ಜನರೇಟರ್ ತಾನಾಗಿಯೇ ಚಾಲೂ ಆಗುತ್ತದೆಯೇ ಎಂಬುದಂತೂ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾದ ಪ್ರಶ್ನೆಯಲ್ಲ.

ನಾಲ್ಕನೆಯದು, ಶೈತ್ಯೀಕರಿಸಿದ ಭ್ರೂಣಗಳಿರುವ ದ್ರವ ಸಾರಜನಕದ ಟ್ಯಾಂಕ್. ಮೈನಸ್ 196 ಡಿಗ್ರಿಯಲ್ಲಿರುವ ಆ ದ್ರವ ಸದಾ ಆವಿಯಾಗುತ್ತಿರುತ್ತದೆ, ತುಂಬುತ್ತಲೇ ಇರಬೇಕು. 2018ರ ಮಾರ್ಚ್‌ನಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಬಳಿಯ ಆಸ್ಪತ್ರೆಯೊಂದರ ಟ್ಯಾಂಕಿನ ಉಷ್ಣಾಂಶ ವಾರಾಂತ್ಯದಲ್ಲಿ ಏರಿ 4,000ಕ್ಕೂ ಹೆಚ್ಚು ಅಂಡಾಣು ಮತ್ತು ಭ್ರೂಣಗಳು ಹಾಳಾದವು. ಸಿಬ್ಬಂದಿಗೆ ದೂರದಿಂದಲೇ ಎಚ್ಚರಿಕೆ ಕೊಡಬೇಕಿದ್ದ ಅಲಾರಂ ಆಫ್ ಆಗಿತ್ತು ಎಂದು ಮುಂದೆ ತಿಳಿಯಿತು. ಯಂತ್ರೋಪಕರಣಗಳಿಗೆ ಕೊರತೆಯಿಲ್ಲದ ದೊಡ್ಡ ಸಂಸ್ಥೆ ಅದು. ಆದ್ದರಿಂದ 'ಅಲಾರಂ ಇದೆಯೇ' ಎಂದು ಕೇಳಿದರೆ ಸಾಲದು. ರಾತ್ರಿ ಹೊಡೆದರೆ ಅದು ಯಾರ ಫೋನಿಗೆ ಹೋಗುತ್ತದೆ, ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ, ಸಾರಜನಕದ ಮಟ್ಟವನ್ನು ಕೈಯಿಂದ ಅಳೆದು ಬರೆಯುವ ಪುಸ್ತಕವಿದೆಯೇ, ಒಂದು ಟ್ಯಾಂಕ್ ಕೆಟ್ಟರೆ ಖಾಲಿ ಟ್ಯಾಂಕ್ ಸಿದ್ಧವಿದೆಯೇ ಎಂದು ಕೇಳಬೇಕು.

ಕೊನೆಯದು ಫಲಿತಾಂಶ. 'ನಮ್ಮ ಯಶಸ್ಸು ಶೇ 70' ಎಂಬ ಮಾತಿಗೆ ಅರ್ಥ ಬರಬೇಕಾದರೆ, ಯಾವ ವಯಸ್ಸಿನವರಲ್ಲಿ, ಯಾವುದನ್ನು ಯಶಸ್ಸು ಎಂದು ಎಣಿಸಿದ್ದಾರೆ, ಶುರು ಮಾಡಿದ ಸೈಕಲ್‌ಗಳ, ಎಂದರೆ ಚಿಕಿತ್ಸೆಯ ಸುತ್ತುಗಳ, ಲೆಕ್ಕವೋ ಭ್ರೂಣ ವರ್ಗಾವಣೆಗಳ ಲೆಕ್ಕವೋ ಎಂಬುದು ಗೊತ್ತಿರಬೇಕು. ಬ್ರಿಟನ್ನಿನಲ್ಲಿ ಪ್ರತಿ ಕೇಂದ್ರದ ಅಂಕಿಅಂಶವನ್ನು ನಿಯಂತ್ರಣ ಸಂಸ್ಥೆಯೇ ಪ್ರಕಟಿಸುತ್ತದೆ. ನಮ್ಮಲ್ಲಿ ಕೇಂದ್ರಗಳು ಮಾಹಿತಿಯನ್ನು ರಾಷ್ಟ್ರೀಯ ರಿಜಿಸ್ಟ್ರಿಗೆ ಸಲ್ಲಿಸಬೇಕಾದರೂ, ಕೇಂದ್ರವಾರು ಹೋಲಿಸಿ ನೋಡುವ ಅನುಕೂಲ ರೋಗಿಗಳಿಗೆ ಇನ್ನೂ ಒದಗಿಲ್ಲ. ಆದ್ದರಿಂದ ಲ್ಯಾಬಿನದೇ ಸೂಚ್ಯಂಕಗಳನ್ನು ಕೇಳುವುದು ಜಾಣತನ. ಭ್ರೂಣ ಪ್ರಯೋಗಾಲಯಗಳ ಸಾಧನೆ ಅಳೆಯಲು ತಜ್ಞರು ಒಪ್ಪಿ 2017ರಲ್ಲಿ ಪ್ರಕಟವಾದ ವಿಯೆನ್ನಾ ಒಮ್ಮತದ ಪ್ರಕಾರ, ಇಕ್ಸಿ ಮಾಡಿದ ಪಕ್ವ ಅಂಡಾಣುಗಳಲ್ಲಿ ಸಹಜವಾಗಿ ಫಲಿತವಾದವು ಕನಿಷ್ಠ ಶೇ 65 ಇರಬೇಕು, ಶೇ 80 ಮುಟ್ಟಿದರೆ ಉತ್ತಮ. ಇಕ್ಸಿ ವೇಳೆ ಹಾಳಾಗುವ ಅಂಡಾಣುಗಳು ಶೇ 10 ಮೀರಬಾರದು. ಫಲಿತವಾದವುಗಳಲ್ಲಿ ಐದನೆಯ ದಿನಕ್ಕೆ ಬ್ಲಾಸ್ಟೊಸಿಸ್ಟ್, ಎಂದರೆ ಭ್ರೂಣದ ಮುಂದುವರಿದ ಬೆಳವಣಿಗೆಯ, ಹಂತ ಮುಟ್ಟಿದವು ಕನಿಷ್ಠ ಶೇ 40, ಉತ್ತಮವೆಂದರೆ ಶೇ 60. ಇವು ಲ್ಯಾಬಿನ ಸರಾಸರಿಗೆ ಅನ್ವಯಿಸುವ ಮಿತಿಗಳೇ ಹೊರತು ಯಾವುದೇ ಒಬ್ಬ ದಂಪತಿಯ ಫಲಿತಾಂಶವನ್ನು ಇವುಗಳಿಂದ ಅಳೆಯಲಾಗದು. ಈ ಅಂಕಿಗಳನ್ನು ತಿಂಗಳು ತಿಂಗಳು ಲೆಕ್ಕ ಹಾಕುವ ಅಭ್ಯಾಸವೇ ಇಲ್ಲದ ಲ್ಯಾಬ್ ತನ್ನ ಏರುಪೇರನ್ನು ತಾನೇ ಅರಿಯಲಾರದು.

ಹಂತ 6: ಒಪ್ಪಿಗೆ ಪತ್ರಗಳಿಗೆ ಸಹಿ ಹಾಕುವ ಮೊದಲು

ಚಿಕಿತ್ಸೆಯ ಸಾಧಕಬಾಧಕ, ವೆಚ್ಚ, ಅಡ್ಡಪರಿಣಾಮ, ಅವಳಿ ಅಥವಾ ತ್ರಿವಳಿ ಗರ್ಭದ ಅಪಾಯ ಮತ್ತು ಆ ಕೇಂದ್ರದಲ್ಲಿ ಯಶಸ್ಸಿನ ಸಾಧ್ಯತೆ, ಇಷ್ಟನ್ನೂ ತಿಳಿಸಿ ಲಿಖಿತ ಒಪ್ಪಿಗೆ ಪಡೆಯುವುದು ಕ್ಲಿನಿಕ್‌ನ ಕರ್ತವ್ಯವೆಂದು ಕಾಯ್ದೆ ಹೇಳುತ್ತದೆ. ಅರ್ಥವಾಗುವ ಭಾಷೆಯಲ್ಲಿ ಪತ್ರ ಕೇಳಿ, ಮನೆಗೆ ಕೊಂಡೊಯ್ದು ಓದಿ. ಅಂಡಾಣು ಹೊರತೆಗೆಯುವ ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕುಳಿತವರ ಮುಂದೆ ಹಾಳೆಗಳ ಕಟ್ಟನ್ನು ಇಟ್ಟು ಸಹಿ ಮಾಡಿಸಿಕೊಳ್ಳುವುದನ್ನು ತಿಳಿವಳಿಕೆಯ ಒಪ್ಪಿಗೆ ಎನ್ನಲಾಗದು. ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸುವ ಮೊದಲು ಯಾವಾಗ ಬೇಕಾದರೂ ಒಪ್ಪಿಗೆಯನ್ನು ಹಿಂಪಡೆಯುವ ಹಕ್ಕು ದಂಪತಿಗಿದೆ.

ವಯಸ್ಸಿನ ಮಿತಿಯೂ ಕಾಯ್ದೆಯಲ್ಲೇ ಇದೆ. ಮಹಿಳೆಗೆ 21 ದಾಟಿ 50ರ ಒಳಗೆ, ಪುರುಷನಿಗೆ 21 ದಾಟಿ 55ರ ಒಳಗೆ ಇರಬೇಕು. ದಾಖಲೆಯಲ್ಲಿ ವಯಸ್ಸು ತಿದ್ದಿಸಿಕೊಂಡು ಬನ್ನಿ ಎಂದು ಸೂಚಿಸುವ ಕಡೆಯಿಂದ ಹೊರಡುವುದೇ ಮೇಲು.

ದಾನಿಯ ಅಂಡಾಣು ಅಥವಾ ವೀರ್ಯ ಬೇಕಾದವರಿಗೆ ಇನ್ನೂ ಕೆಲವು ಮಾತು. ದಾನಿಗಳನ್ನು ಆರಿಸುವುದು, ತಪಾಸಣೆ ಮಾಡುವುದು, ವೀರ್ಯ ಸಂಗ್ರಹಿಸಿಡುವುದು ಸ್ವತಂತ್ರ ಸಂಸ್ಥೆಯಾಗಿ ನೋಂದಣಿಯಾದ ಬ್ಯಾಂಕಿನ ಕೆಲಸ. ಕ್ಲಿನಿಕ್ ತಾನೇ ಯಾರನ್ನೋ ಕರೆತರುವಂತಿಲ್ಲ. ವೀರ್ಯದಾನಿ 21ರಿಂದ 55ರೊಳಗೆ, ಅಂಡಾಣು ದಾನಿ 23ರಿಂದ 35ರೊಳಗೆ ಇರಬೇಕು. ಅಂಡಾಣು ದಾನಿ ಜೀವಮಾನದಲ್ಲಿ ಒಮ್ಮೆ ಮಾತ್ರ ದಾನ ಮಾಡಬಹುದು, ಆಕೆಯಿಂದ 7ಕ್ಕಿಂತ ಹೆಚ್ಚು ಅಂಡಾಣು ಪಡೆಯುವಂತಿಲ್ಲ, ಆಕೆಗೆ 12 ತಿಂಗಳ ವಿಮೆ ಮಾಡಿಸಬೇಕು. ಒಬ್ಬ ದಾನಿಯದನ್ನು ಒಂದೇ ದಂಪತಿಗೆ ಕೊಡಬೇಕು. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಪರೀಕ್ಷೆಗಳು ಕಡ್ಡಾಯ. ಬ್ಯಾಂಕಿನ ನೋಂದಣಿಯನ್ನೂ ರಿಜಿಸ್ಟ್ರಿಯಲ್ಲಿ ಹುಡುಕಿ ನೋಡಿ. ದಾನಿಯ ಹೆಸರು ನಿಮಗೆ ತಿಳಿಯುವುದಿಲ್ಲ, ಬ್ಯಾಂಕಿನ ಹೆಸರನ್ನಾದರೂ ತಿಳಿದುಕೊಳ್ಳಿ.

ಉಳಿದ ಭ್ರೂಣಗಳನ್ನು ಗರಿಷ್ಠ 10 ವರ್ಷ ಇಡಬಹುದು. ಆಮೇಲೆ ಅವನ್ನು ನಶಿಸಲು ಬಿಡಬೇಕು ಅಥವಾ ದಂಪತಿಯ ಒಪ್ಪಿಗೆಯೊಂದಿಗೆ ನೋಂದಾಯಿತ ಸಂಶೋಧನಾ ಸಂಸ್ಥೆಗೆ ಕೊಡಬೇಕು. ವಾರ್ಷಿಕ ಶುಲ್ಕ ಎಷ್ಟು, ಕಟ್ಟಲು ತಡವಾದರೆ ಏನು ಮಾಡುತ್ತಾರೆ, ದಂಪತಿಯಲ್ಲಿ ಒಬ್ಬರು ತೀರಿಕೊಂಡರೆ ಅಥವಾ ಬೇರೆಯಾದರೆ ಭ್ರೂಣಗಳ ಗತಿಯೇನು ಎಂಬ ಅಪ್ರಿಯ ಪ್ರಶ್ನೆಗಳಿಗೂ ಪತ್ರದಲ್ಲಿ ಉತ್ತರವಿರಬೇಕು.

ಹಂತ 7: ದಾಖಲೆಗಳನ್ನು ಕೈಯಲ್ಲಿಟ್ಟುಕೊಳ್ಳುವುದು

ಮಾಡಿದ ಚಿಕಿತ್ಸೆಯ ವಿವರಗಳಿರುವ ಡಿಸ್ಚಾರ್ಜ್ ಪ್ರಮಾಣಪತ್ರವನ್ನು ಕ್ಲಿನಿಕ್ ಕೊಡಲೇಬೇಕು, ದಾಖಲೆಗಳನ್ನು ಕನಿಷ್ಠ 10 ವರ್ಷ ಕಾಪಾಡಬೇಕು. ಎಷ್ಟು ಅಂಡಾಣು ಸಿಕ್ಕವು, ಎಷ್ಟು ಪಕ್ವವಾಗಿದ್ದವು, ಎಷ್ಟು ಫಲಿತವಾದವು, ಎಷ್ಟು ಭ್ರೂಣಗಳನ್ನು ಸೇರಿಸಲಾಯಿತು, ಎಷ್ಟನ್ನು ಯಾವ ದಿನ ಯಾವ ಟ್ಯಾಂಕಿನಲ್ಲಿ ಇಡಲಾಯಿತು ಎಂಬಷ್ಟೂ ಅದರಲ್ಲಿ ಅಥವಾ ಜೊತೆಗಿನ ಲ್ಯಾಬ್ ವರದಿಯಲ್ಲಿ ಬರೆಸಿಕೊಳ್ಳಿ. 'ಚೆನ್ನಾಗಿಯೇ ಆಗಿದೆ' ಎಂಬ ಬಾಯಿಮಾತು ಮುಂದೆ ಬೇರೆ ವೈದ್ಯರಿಗೂ ಉಪಯೋಗವಿಲ್ಲ, ದೂರಿಗೂ ಆಧಾರವಾಗದು. ಕೇಳಿದ 72 ಗಂಟೆಯೊಳಗೆ ವೈದ್ಯಕೀಯ ದಾಖಲೆ ಒದಗಿಸಬೇಕೆಂದು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿಯಲ್ಲೇ ಇದೆ. ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ.

ಹಂತ 8: ದೂರು ಕೊಡಬೇಕಾಗಿ ಬಂದರೆ

ಪ್ರತಿ ಕ್ಲಿನಿಕ್ ಮತ್ತು ಬ್ಯಾಂಕ್‌ನಲ್ಲಿ ಕುಂದುಕೊರತೆ ಘಟಕವಿರಬೇಕು. ಮೊದಲ ಅರ್ಜಿ ಅಲ್ಲಿಗೆ. ನೋಂದಣಿಯಿಲ್ಲದೆ ಕೆಲಸ, ಒಪ್ಪಿಗೆಯಿಲ್ಲದೆ ಚಿಕಿತ್ಸೆ, ದಾನಿಗಳ ದುರ್ಬಳಕೆ ಇಂಥವುಗಳ ದೂರು ರಾಜ್ಯದ ಎಆರ್‌ಟಿ ಸಕ್ಷಮ ಪ್ರಾಧಿಕಾರಕ್ಕೆ ಹೋಗಬೇಕು. ಈ ಕಾಯ್ದೆಯಡಿ ನಾಗರಿಕರು ತಾವೇ ನೇರವಾಗಿ ಕ್ರಿಮಿನಲ್ ಮೊಕದ್ದಮೆ ಹೂಡಲಾಗದು. ನ್ಯಾಯಾಲಯದ ಮುಂದೆ ದೂರು ಸಲ್ಲಿಸಬೇಕಾದವರು ರಾಷ್ಟ್ರೀಯ ಅಥವಾ ರಾಜ್ಯ ಮಂಡಳಿ, ಇಲ್ಲವೇ ಅದು ಅಧಿಕಾರ ಕೊಟ್ಟವರು. ನನ್ನ ದೃಷ್ಟಿಯಲ್ಲಿ ಇದು ಕಾಯ್ದೆಯ ದೊಡ್ಡ ದೌರ್ಬಲ್ಯ. ಏಕೆಂದರೆ ಇವರು ಸುಮ್ಮನಿದ್ದರೆ ಕಾನೂನೂ ಸುಮ್ಮನಿರುತ್ತದೆ. ದೂರಿನ ಮೇಲೆ ಏನಾಯಿತೆಂದು 10 ರೂಪಾಯಿ ಶುಲ್ಕದ ಆರ್‌ಟಿಐ ಅರ್ಜಿಯಲ್ಲಿ ಕೇಳಬಹುದು.

ದರಪಟ್ಟಿ ಮೀರಿದ ವಸೂಲಿಯ ಬಗ್ಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಕೆಪಿಎಂಇ ಜಿಲ್ಲಾ ಪ್ರಾಧಿಕಾರವನ್ನು, ವೈದ್ಯರ ನಡವಳಿಕೆಯ ಬಗ್ಗೆ ಕರ್ನಾಟಕ ವೈದ್ಯಕೀಯ ಮಂಡಳಿಯನ್ನು ಕೇಳಬೇಕು. ಎಂಬ್ರಿಯಾಲಜಿಸ್ಟ್ ವೈದ್ಯರಲ್ಲದಿದ್ದರೆ ಅವರು ಈ ಮಂಡಳಿಯ ವ್ಯಾಪ್ತಿಗೆ ಬರುವುದಿಲ್ಲ ಎಂಬುದು ನೆನಪಿರಲಿ. ಪರಿಹಾರ ಬೇಕಿದ್ದರೆ ಗ್ರಾಹಕ ಆಯೋಗವೇ ದಾರಿ. ಕೊಟ್ಟ ಹಣ 50 ಲಕ್ಷ ರೂಪಾಯಿಯೊಳಗಿದ್ದರೆ ಜಿಲ್ಲಾ ಆಯೋಗದಲ್ಲೇ, ಘಟನೆಯಾದ 2 ವರ್ಷದೊಳಗೆ ದೂರು ಸಲ್ಲಿಸಬೇಕು. ಚಿಕಿತ್ಸೆ ಫಲಿಸಲಿಲ್ಲ ಎಂಬುದೊಂದೇ ಸೇವಾಲೋಪವಾಗದು. ಏನು ನಿರ್ಲಕ್ಷ್ಯವಾಯಿತು ಎಂಬುದನ್ನು ದಾಖಲೆ ಹೇಳಬೇಕು.

ವಿದೇಶದಲ್ಲಿರುವವರಿಗೆ

ಬ್ರಿಟನ್ನಿನಲ್ಲಿರುವ ಕನ್ನಡಿಗರ ಕೆಲಸ ಹಗುರ. 1990ರ ಕಾನೂನಿನಂತೆ ಎಚ್‌ಎಫ್‌ಇಎ ಎಂಬ ಪ್ರಾಧಿಕಾರದ ಪರವಾನಗಿಯಿಲ್ಲದೆ ಅಲ್ಲಿ ಭ್ರೂಣವನ್ನು ಸೃಷ್ಟಿಸುವುದೇ ಅಪರಾಧ, ಮತ್ತು ತಪಾಸಣಾ ವರದಿಗಳನ್ನು ಯಾರು ಬೇಕಾದರೂ ಓದಬಹುದು. ಅಮೆರಿಕದಲ್ಲಿರುವವರು ಅಲ್ಲಿನ ಮಾನ್ಯತಾ ಸಂಸ್ಥೆಗಳಾದ ಸಿಎಪಿ ಅಥವಾ ಜಾಯಿಂಟ್ ಕಮಿಷನ್ ಕೊಡುವ ಮಾನ್ಯತೆ ಭ್ರೂಣ ಪ್ರಯೋಗಾಲಯಕ್ಕೇ ಇದೆಯೇ ಎಂದು ವಿಚಾರಿಸಬೇಕು.

ಇಲ್ಲಿ ಚಿಕಿತ್ಸೆ ಪಡೆದು, ಉಳಿದ ಭ್ರೂಣಗಳನ್ನು ತಾವಿರುವ ದೇಶಕ್ಕೆ ಸಾಗಿಸಿಕೊಳ್ಳಬಹುದೆಂದು ಲೆಕ್ಕ ಹಾಕಿರುವವರು ಇನ್ನೊಂದು ವಿಷಯ ತಿಳಿದಿರಬೇಕು. ಅಂಡಾಣು, ವೀರ್ಯ ಮತ್ತು ಭ್ರೂಣಗಳ ಮಾರಾಟ ಮತ್ತು ವರ್ಗಾವಣೆಯನ್ನು ಎಆರ್‌ಟಿ ಕಾಯ್ದೆಯ 29ನೆಯ ಸೆಕ್ಷನ್ ಅಪರಾಧವೆಂದು ಸಾರಿದೆ. ಸ್ವಂತ ಬಳಕೆಗೆ ಸ್ವಂತದವನ್ನು ಸಾಗಿಸಿಕೊಳ್ಳಲು ಮಾತ್ರ, ಅದೂ ರಾಷ್ಟ್ರೀಯ ಮಂಡಳಿಯ ಅನುಮತಿ ಪಡೆದು, ಅವಕಾಶವಿದೆ. ಕೊರಿಯರ್ ಸಂಸ್ಥೆ 'ಎಲ್ಲ ನಾವೇ ನೋಡಿಕೊಳ್ಳುತ್ತೇವೆ' ಎಂದರೂ ಆ ಅನುಮತಿ ಪತ್ರದ ಪ್ರತಿಯನ್ನು ಕಣ್ಣಾರೆ ನೋಡದೆ ಟ್ಯಾಂಕನ್ನು ಕದಲಿಸಲು ಒಪ್ಪಿಗೆ ಕೊಡಬೇಡಿ.